ಮಾಲಕರಾಗುವ ಮುನ್ನ

ಸೊಲ್ಲಾಪುರದಲ್ಲಿ ರಿಟೈರಾದವರಿಗೆ ಎರಡೇ ಕೆಲಸ. ಸಂಜೆ ಸಿದ್ಧೇಶ್ವರ ಗುಡಿಗೆ ಹೋಗುವುದು, ದಾರಿಯಲ್ಲಿ ಸಿಕ್ಕವರಿಗೆ ಮನೆ ಕೊಂಡು ಬಾಡಿಗೆಗೆ ಬಿಡುವ ಬುದ್ಧಿ ಹೇಳುವುದು. ನಮ್ಮ ಸೋದರಮಾವ ಎರಡನ್ನೂ ತಪ್ಪಿಸುವುದಿಲ್ಲ.

“ಅಳಿಯಾ, ಎಫ್‌ಡಿ ಮುರಿ. ಜುಳೆ ಸೊಲ್ಲಾಪುರದಾಗ ಫ್ಲ್ಯಾಟ್ ಹಿಡಿ. ಕುಂತಲ್ಲೇ ಭಾಡಾ ಬರ್ತದ.”

ಮಾವನ ಸ್ವಂತ ಅನುಭವವೆಂದರೆ ಹಳೇ ಪೇಟೆಯ ಮನೆಯ ಮುಂದಿನ ಎರಡು ಖೋಲಿ. ಗಿರಣಿಗಳ ಭೋಂಗಾ ಕೂಗುತ್ತಿದ್ದ ಕಾಲದಿಂದ ಅಲ್ಲೊಂದು ಮನೆತನ ಕುಂತಿದೆ. ಬಾಡಿಗೆ 40 ರೂಪಾಯಿ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ವರ್ಷಕ್ಕೆ ಶೇ. 4ರಷ್ಟು ಏರಿಸಲು ಬಿಡುತ್ತದೆ. ಅಂದರೆ 41 ರೂಪಾಯಿ 60 ಪೈಸೆ. ಆ ಪೈಸೆ ಕೇಳಲು ಮಾವನಿಗೆ ನಾಚಿಕೆ, ಕೊಡಲು ಅವರ ಹತ್ತಿರ ಚಿಲ್ಲರೆ ಇಲ್ಲ. ಮಳೆಗೆ ಪತ್ರಾ ಸೋರಿದರೆ ಮಾತ್ರ ಡಾಂಬರಿನ ಡಬ್ಬಿ ಹಿಡಿದು ಮಾವನೇ ಏಣಿ ಹತ್ತಬೇಕು.

ಆದರೂ ಫ್ಲ್ಯಾಟ್ ಕೊಂಡೆ. 30 ಲಕ್ಷದ ಮನೆ, ತಿಂಗಳಿಗೆ 9,000 ಬಾಡಿಗೆ, ವರ್ಷಕ್ಕೆ ಶೇ. 3.6 ಗಿಟ್ಟುತ್ತದೆ. ಸಾಲಕ್ಕೆ ಬ್ಯಾಂಕಿನವರ ಬಡ್ಡಿ ಎಂಟೂವರೆ. ಈ ಲೆಕ್ಕ ತೋರಿಸಿದರೆ ಮಾವ, “ಜಾಗಾದ ರೇಟ್ ಏರ್ತದಲ್ಲೋ” ಅಂದು ಎಲೆ ಅಡಿಕೆ ಬಾಯಿಗಿಟ್ಟುಕೊಂಡರು. ಬಾಯಿ ತುಂಬಿದ ಮೇಲೆ ಚರ್ಚೆ ಮುಗಿದಂತೆ.

ಮನೆ ನೋಡಲು ಬಂದ ಹೆಣ್ಣುಮಗಳು ಬೆಡ್‌ರೂಮಿನ ಕಡೆ ತಿರುಗಿಯೂ ನೋಡಲಿಲ್ಲ. ಆಕೆ ನೇರ ಗಚ್ಚಿಗೆ ಹೋಗಿ, ಟಾಕಿಯ ಮುಚ್ಚಳ ತೆಗೆದು, ತಲೆ ಒಳಗೆ ಹಾಕಿ, “ಎಷ್ಟು ಲೀಟರ್ ರೀ ಕಾಕಾ?” ಅಂದಳು. ದನಿ ಒಳಗೆಲ್ಲ ಗುಂಯ್‌ಗುಟ್ಟಿತು. ಖಾಲಿ ಅನ್ನುವುದು ಅವಳಿಗೂ ತಿಳಿಯಿತು. ಉಜನಿ ಅಣೆಕಟ್ಟು ತುಂಬಿ ಕೋಡಿ ಬಿದ್ದರೂ ನಮ್ಮ ನಳಕ್ಕೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಈಗ ರಾತ್ರಿ ಎರಡಕ್ಕೆ ಎದ್ದು ಮೋಟಾರು ಹಚ್ಚಿ ಬರುವುದು ಮಾಲಕನಾದ ನನ್ನ ಪದವಿ.

“ಹಂಗಾದ್ರ ಅಕ್ಕಲಕೋಟಿಯಾಗ ಖೋಲಿ ಕಟ್ಟು” ಅಂದರು ಮಾವ. ಗುರುವಾರ ಸ್ವಾಮಿ ಸಮರ್ಥರ ಗುಡಿಯೆದುರು ಮುಂಬಯಿ, ಪುಣೆಯ ಗಾಡಿಗಳ ಸಾಲು ನೋಡಿದರೆ ಯಾರಿಗಾದರೂ ಆಸೆ ಹುಟ್ಟಬೇಕು. ಆದರೆ ಬಂದವರಿಗೆ ಅನ್ನಛತ್ರದಲ್ಲಿ ಊಟ ಪುಕ್ಕಟೆ, ಮಲಗಲು ಭಕ್ತನಿವಾಸವಿದೆ. ದರದಲ್ಲಿ ಸ್ವಾಮಿಗಳ ಜೊತೆ ಪೈಪೋಟಿಗಿಳಿದು ಬದುಕಿಯೇವೇ? ಮೇಲಾಗಿ ಸೋಮವಾರ, ಮಂಗಳವಾರ ಆ ಖೋಲಿಗಳಲ್ಲಿ ಮಲಗುವವರು ಯಾರು, ಮಾವನೇ?

ನೀವೂ ಈ ಹಾದಿ ಹಿಡಿಯುವವರಾದರೆ ಒಂದು ಮಾತು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಅನ್ನುವ ಏಜೆಂಟನನ್ನು ನಂಬಬೇಡಿ. ಅದೇ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ನೋಂದಣಿ ಮಾಡಿಸುವ ಹೊಣೆ ಮಾಲಕನದೇ. ಮಾಡಿಸದಿದ್ದರೆ, ಸುಳ್ಳೆಂದು ನೀವು ಸಾಬೀತು ಮಾಡುವವರೆಗೆ ಬಾಡಿಗೆದಾರ ಹೇಳಿದ್ದೇ ಕರಾರು. ಜೊತೆಗೆ 5,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಆ ಖೋಲಿಗೆ ಮಾತ್ರ ಬಾಡಿಗೆ ಇಲ್ಲ.