ಮುಷ್ಟಿಯ ಸಾಲಾವಳಿ

ಗಂಡು-ಹೆಣ್ಣಿನ ಜಾತಕ ಮುಂದಿಟ್ಟುಕೊಂಡು 36ಕ್ಕೆ ಎಷ್ಟು ಗುಣ ಕೂಡಿತೆಂದು ಬೆರಳು ಮಡಿಸುವ ಜೋಯಿಸರ ವಂಶಕ್ಕೇ ಸೇರಿದವರು ಬಾಕ್ಸಿಂಗ್ ಪಂಡಿತರು. ಇವರು ನೋಡುವ ಸಾಲಾವಳಿ ಮದುವೆಗಲ್ಲ, ಹೊಡೆದಾಟಕ್ಕೆ. ಜಾತಕದವರಲ್ಲಿ ಅರ್ಧ ಜನ ಆಗಲೇ ಸ್ವರ್ಗಸ್ಥರು, ಉಳಿದವರು ಮೊಮ್ಮಕ್ಕಳನ್ನು ಆಡಿಸಿಕೊಂಡಿರುವವರು. ಹಾಗಾಗಿ ಯಾವ ಕಡೆಯಿಂದಲೂ ತಕರಾರು ಬರುವುದಿಲ್ಲ. ಪಂಡಿತರು ಜನ್ಮದಲ್ಲಿ ಗ್ಲೌಸ್ ತೊಟ್ಟವರಲ್ಲ. ಚಳಿಗಾಲದಲ್ಲಿ ಉಣ್ಣೆಯದ್ದನ್ನು ತೊಟ್ಟಿದ್ದರೆ ಅದು ಬೇರೆ ಮಾತು. ಹೋಟೆಲಿನ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಎದುರುಬದುರು ನಿಲ್ಲಿಸಿ, "112 ಪೌಂಡಿನ ವಿಭಾಗದಲ್ಲಿ ಮೊದಲ ಪಟ್ಟ ಗೆದ್ದ ಮ್ಯಾನಿ ಪ್ಯಾಕಿಯಾವೊನನ್ನು ಈಗ ಮೈಕ್ ಟೈಸನ್ ಗಾತ್ರಕ್ಕೆ ಹಿಗ್ಗಿಸೋಣ" ಎಂದು ಶುರುಮಾಡಿದರೆಂದರೆ ಎದುರಿಗೆ ಕೂತವರ ಕಾಫಿ ಆರಿಹೋಯಿತೆಂದೇ ಲೆಕ್ಕ.

ಈ 'ಹಿಗ್ಗಿಸೋಣ' ಎಂಬ ಪದದಲ್ಲೇ ಅವರ ಶಾಸ್ತ್ರವೆಲ್ಲ ಅಡಗಿದೆ, ಅದರ ದೋಷವೂ ಅಲ್ಲೇ ಇದೆ. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವವರು ಮೊದಲು ನೋಡುವುದು ಮೈಕಟ್ಟನ್ನು. ಪಂಡಿತರು ಮೊದಲು ಬಿಸಾಡುವುದೇ ಅದನ್ನು. ಮೈ ಕಳಚಿಟ್ಟರೆ ಶುದ್ಧವಾದ 'ಶೈಲಿ' ಉಳಿಯುತ್ತದೆ, ಅದನ್ನು ಅಂಗಿಯ ಹಾಗೆ ಬೇರೆ ಅಳತೆಯ ಮೈಗೆ ತೊಡಿಸಬಹುದು ಎಂದು ಅವರ ನಂಬಿಕೆ. ಆದರೆ ಶೈಲಿಯೆಂಬುದು ಒಂದು ಮೈ ತನ್ನ ಇತಿಮಿತಿಗೆ ಕಂಡುಕೊಂಡ ಉಪಾಯವಲ್ಲವೇ? ಐದಡಿ ಏಳಂಗುಲದ ರೊಬರ್ಟೊ ಡುರಾನ್ ಎದುರಾಳಿಯ ಎದೆಗೇ ಹೋಗಿ ಅಂಟಿಕೊಳ್ಳುತ್ತಿದ್ದುದು ತೋಳು ಗಿಡ್ಡ ಇದ್ದುದರಿಂದ. ಆರಡಿ ದಾಟಿದ ಥಾಮಸ್ ಹರ್ನ್ಸ್ ದೂರದಿಂದಲೇ ಚುಚ್ಚುತ್ತಿದ್ದುದು ತೋಳು ಉದ್ದ ಇದ್ದುದರಿಂದ. ಡುರಾನನಿಗೆ ಅರ್ಧ ಅಡಿ ಎತ್ತರ ದಾನ ಮಾಡಿ ನೋಡಿ, ಒಳಗೆ ನುಗ್ಗುವ ದರ್ದೇ ಅವನಿಗಿರುವುದಿಲ್ಲ. ಗಣಿತವೂ ಪಂಡಿತರ ಪರವಾಗಿಲ್ಲ: ಎತ್ತರವನ್ನು ಎರಡು ಪಟ್ಟು ಮಾಡಿದರೆ ಬಲ ಕೊಡುವ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಹೊರಬೇಕಾದ ತೂಕ ಮಾತ್ರ ಎಂಟು ಪಟ್ಟು. ಆನೆಯಷ್ಟು ಬೆಳೆದ ಇರುವೆ ಭಾರ ಹೊರುವುದು ಹಾಗಿರಲಿ, ತನ್ನ ಕಾಲ ಮೇಲೆ ತಾನು ನಿಂತರೆ ಅದೇ ಪವಾಡ.

ಪಂಡಿತರ ಎರಡನೆಯ ಅಸ್ತ್ರ ಕೂಡು-ಕಳೆಯುವ ಲೆಕ್ಕ: ಇವನು ಅವನನ್ನು ಸೋಲಿಸಿದ, ಅವನು ಮತ್ತೊಬ್ಬನನ್ನು ಸೋಲಿಸಿದ, ಆದ್ದರಿಂದ ಇವನೇ ದೊಡ್ಡವನು. ಈ ಏಣಿ ಎಷ್ಟು ಗಟ್ಟಿಯೋ ನೋಡೋಣ. 1983ರಲ್ಲಿ ಡುರಾನ್ ತನಗಿಂತ ದೊಡ್ಡವನಾದ ಮಾರ್ವಿನ್ ಹ್ಯಾಗ್ಲರ್ ಎದುರು ಪೂರಾ 15 ಸುತ್ತು ನಿಂತು ಅಂಕಗಳಲ್ಲಿ ಸೋತ. ಮರುವರ್ಷ ಹರ್ನ್ಸ್ ಅದೇ ಡುರಾನನನ್ನು ಎರಡನೇ ಸುತ್ತಿನಲ್ಲೇ ಮಲಗಿಸಿದ. ಆ ಲೆಕ್ಕದಲ್ಲಿ ಹರ್ನ್ಸ್ ಹ್ಯಾಗ್ಲರ್‌ಗಿಂತ ದೊಡ್ಡವನಾಗಬೇಕಿತ್ತು, ಆದರೆ 1985ರಲ್ಲಿ ಹ್ಯಾಗ್ಲರ್ ಆ ಹರ್ನ್ಸ್‌ನನ್ನು ಮೂರನೇ ಸುತ್ತಿಗೆ ಮುಗಿಸಿದ. ಹೆವಿವೇಟ್‌ಗೆ ಬಂದರೂ ಅದೇ ಕಥೆ. ಜೋ ಫ್ರೇಜಿಯರ್ 1971ರಲ್ಲಿ ಮುಹಮ್ಮದ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್ಮನ್ ಆ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ನೆಲಕ್ಕೆ ಕೆಡವಿದ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೊರಗಿ ಏಟು ತಿಂದು ತಿಂದು ಫೋರ್ಮನ್‌ನನ್ನು ದಣಿಸಿ, ಎಂಟನೇ ಸುತ್ತಿನಲ್ಲಿ ಕೆಡವಿದ. ಇದು ಏಣಿಯಲ್ಲ, ಗಾಣ. ಇದನ್ನು ತೋರಿಸಿಕೊಟ್ಟರೂ ಪಂಡಿತರು ಕದಲುವುದಿಲ್ಲ. "ಯಾರಿಗೆ ಯಾರು ಎದುರು ಅನ್ನೋದರ ಮೇಲೆ ಕಣ್ರೀ ಎಲ್ಲ" ಎಂದು ಗಂಭೀರವಾಗಿ ತಲೆದೂಗುತ್ತಾರೆ. ಆ ಒಂದು ಮಾತಿನಿಂದ ತಾವೇ ಬರೆದಿಟ್ಟ ಸಾರ್ವಕಾಲಿಕ ಹತ್ತು ಮಂದಿಯ ಪಟ್ಟಿ ಹರಿದುಹೋಯಿತೆಂಬುದು ಅವರ ಗಮನಕ್ಕೆ ಬರುವುದೇ ಇಲ್ಲ.

ಹಾಗಾದರೆ ಸಣ್ಣವರು ದೊಡ್ಡವರನ್ನು ಹೊಡೆದದ್ದೇ ಇಲ್ಲವೇ? ಇದೆ, ಮತ್ತು ಇಲ್ಲಿ ಪಂಡಿತರ ವಾದಕ್ಕೆ ನಿಜವಾದ ತೂಕವಿದೆ. ಮಿಡಲ್‌ವೇಟ್‌ನ ಬಾಬ್ ಫಿಟ್ಜ್‌ಸಿಮನ್ಸ್ 1897ರಲ್ಲಿ ಹೆವಿವೇಟ್ ಪಟ್ಟವನ್ನೇ ಕಿತ್ತುಕೊಂಡ. 193 ಪೌಂಡಿನ ರಾಯ್ ಜೋನ್ಸ್ 2003ರಲ್ಲಿ 226 ಪೌಂಡಿನ ಜಾನ್ ರೂಯಿಜ್‌ನನ್ನು ಸೋಲಿಸಿದ. ಆದರೆ ಇವರ್ಯಾರನ್ನೂ ಯಾರೂ ಮೇಜಿನ ಮೇಲೆ ಹಿಗ್ಗಿಸಲಿಲ್ಲ. ಮೈಗೆ ಮಾಂಸ ಹತ್ತಿಸಿಕೊಂಡಾಗ ವೇಗ ಎಷ್ಟು ಹೋಯಿತು, ದಮ್ಮು ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ರಿಂಗಿನಲ್ಲೇ ಚುಕ್ತಾ ಮಾಡಿದವರು ಅವರು. ಲೆಕ್ಕ ತಪ್ಪಿದವರೂ ಇದ್ದಾರೆ. 2016ರಲ್ಲಿ ಎರಡು ವಿಭಾಗ ಮೇಲೇರಿ ಬಂದ ಬಾಕ್ಸರ್ ಅಮೀರ್ ಖಾನ್ ಐದು ಸುತ್ತು ಚುರುಕಾಗಿಯೇ ಆಡಿದ. ಆರನೆಯದರಲ್ಲಿ ಕನೆಲೊ ಅಲ್ವಾರೆಜ್‌ನ ಒಂದೇ ಬಲಗೈ ಏಟಿಗೆ ಅಂಗಾತ ಮಲಗಿದ. ಇನ್ನು ಪಂಡಿತರ ಕುಲದೈವ ಶುಗರ್ ರೇ ರಾಬಿನ್ಸನ್. 'ಪೌಂಡ್ ಫಾರ್ ಪೌಂಡ್', ಅಂದರೆ ತೂಕ ಸರಿಸಮವೆಂದುಕೊಂಡರೆ ಯಾರು ಮೇಲು, ಎಂಬ ಮಂತ್ರ ಅಂಟಿಕೊಂಡದ್ದೇ ಆ ಹೆಸರಿಗೆ. 1952ರ ಜೂನ್‌ನಲ್ಲಿ ಯಾಂಕೀ ಸ್ಟೇಡಿಯಮ್ಮಿನಲ್ಲಿ ತನಗಿಂತ 15 ಪೌಂಡ್ ಹೆಚ್ಚಿದ್ದ ಜೋಯಿ ಮ್ಯಾಕ್ಸಿಮ್ ಎದುರು ಅಂಕಗಳಲ್ಲಿ ಮುಂದಿದ್ದೂ 14ನೇ ಸುತ್ತಿಗೆ ಸ್ಟೂಲಿನಿಂದ ಏಳಲಾಗಲಿಲ್ಲ. "ಸೆಕೆ ಸೋಲಿಸಿತು, ಮ್ಯಾಕ್ಸಿಮ್ ಅಲ್ಲ" ಎನ್ನುತ್ತಾರೆ ಪಂಡಿತರು. ಸುಳ್ಳೇನಲ್ಲ, ಆ ರಾತ್ರಿ ರೆಫರಿಯೇ ಸೆಕೆಗೆ ಬಸವಳಿದು ಹತ್ತನೇ ಸುತ್ತಿನ ನಂತರ ಬೇರೊಬ್ಬನಿಗೆ ಜಾಗ ಬಿಟ್ಟುಕೊಟ್ಟ. ಆದರೆ ಮ್ಯಾಕ್ಸಿಮ್ ಮೇಲೇನೂ ಫ್ಯಾನು ತಿರುಗುತ್ತಿರಲಿಲ್ಲ. ಹಗುರಾದವನು ಭಾರದವನ ಸುತ್ತ ಕುಣಿಯಬೇಕು, ಅಪ್ಪಿಕೊಂಡಾಗ ಅವನ ಭಾರವನ್ನೂ ಹೊರಬೇಕು. ಸೆಕೆ ಆ ಸಾಲಕ್ಕೆ ಬಡ್ಡಿ ಹಾಕಿತು, ಅಷ್ಟೆ.

ಕೊನೆಗೆ, ಮನುಷ್ಯನ ಪಕ್ಷಪಾತ ಬೇಡ, ಯಂತ್ರಕ್ಕೆ ಕೇಳೋಣ ಎನ್ನುವವರುಂಟು. ಅದೂ ಆಗಿದೆ. 1969ರಲ್ಲಿ ನಿವೃತ್ತ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಮತ್ತು ನಿಷೇಧಕ್ಕೊಳಗಾಗಿದ್ದ ಅಲಿ ಕ್ಯಾಮೆರಾ ಮುಂದೆ ಹೊಡೆದಾಡಿದಂತೆ ನಟಿಸಿದರು, ಫಲಿತಾಂಶ ಕಂಪ್ಯೂಟರಿನದು. 45ರ ಮಾರ್ಸಿಯಾನೊ ಮೈ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿಟ್ಟುಕೊಂಡರು. 1970ರ ಜನವರಿಯಲ್ಲಿ ಅದು ತೆರೆಗೆ ಬರುವ ಹೊತ್ತಿಗೆ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅಮೆರಿಕದಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ. ಯಂತ್ರವೂ ಜೋಯಿಸರ ಹಾಗೆ ಕೇಳಿದವರ ಮುಖ ನೋಡಿ ಫಲ ಹೇಳಿತೆಂದು ಯಾರಾದರೂ ನಕ್ಕರೆ ಪಂಡಿತರಿಗೆ ಸಿಟ್ಟು ಬರುತ್ತದೆ. ಅವರ ಆಕ್ಷೇಪ ಬೇರೆಯೇ: 13ನೇ ಸುತ್ತಿನ ಆ ಏಟನ್ನು ಅಲಿ ತಿನ್ನುವ ಪ್ರಶ್ನೆಯೇ ಇರಲಿಲ್ಲವಂತೆ, ಆ ಹೊತ್ತಿಗೆ ಅವನು ಎಡಕ್ಕೆ ಜಾರಿಕೊಂಡಿರುತ್ತಿದ್ದನಂತೆ. ಹೇಗೆ ಅಂದರೆ, ಹೀಗೆ. ಎನ್ನುತ್ತ ಉಪ್ಪಿನ ಡಬ್ಬಿಯನ್ನು ಎರಡಂಗುಲ ಎಡಕ್ಕೆ ಸರಿಸುತ್ತಾರೆ.