ಮೊಲದ ಡಾಕ್ಟ್ರು

ಕುಂದೂರಿನ ಕಡೆ ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಮದ್ದು ಹೇಳುವವರು ಹತ್ತು ಜನ, ಕಾಫಿ ಗಿಡಕ್ಕೆ ಬೋರರ್ ಬಿದ್ದರೆ ಇಪ್ಪತ್ತು ಜನ. ಮೊಲಕ್ಕೆ ಮಾತ್ರ ಗತಿಯಿಲ್ಲ. ಆ ಖಾಲಿ ಹುದ್ದೆಗೆ ತಮ್ಮನ್ನು ತಾವೇ ನೇಮಿಸಿಕೊಂಡವರು ಅಲ್ಲಲ್ಲಿ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನಮ್ಮ ಭಾವ.

ಮೊಲ ನನ್ನ ಮಗಳದು, ಹೆಸರು ಗುಂಡ. ಮಗಳು ಹಾಸ್ಟೆಲ್ ಸೇರಿದ ಮೇಲೆ ಗುಂಡನ ಆರೈಕೆ ಭಾವನ ಪಾಲಾಯಿತು. ಈ ಜಾತಿಯ ಡಾಕ್ಟ್ರುಗಳನ್ನು ಗುರುತಿಸುವುದು ಸುಲಭ. ಜೇಬಿನಲ್ಲಿ ಟಾರ್ಚು, ಬಗಲಲ್ಲಿ ನೋಟ್‌ಬುಕ್ಕು. ಮನೆಯೊಳಗೆ ಕಾಲಿಟ್ಟರೆ ನಮ್ಮ ಯೋಗಕ್ಷೇಮ ಬೇಡ, "ತಿಂದನಾ?" ಅಂತಲೇ ಮೊದಲ ಮಾತು. ಮೆಣಸು ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಗುಂಡನ ತೂಕ. ಕಿವಿಯೊಳಗೆ ಹಕ್ಕಳೆ ಕಟ್ಟಿದೆಯೇ, ಗದ್ದ ಒದ್ದೆಯಾಗಿದೆಯೇ, ಅಂಗಾಲು ಕೆಂಪಾಗಿದೆಯೇ, ಎಲ್ಲ ನೋಡಬೇಕು. ಮುಂದಿನ ಹಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದಂತೆ, ಸಾಯುವವರೆಗೂ. "ಹುಲ್ಲು ಜಗಿದು ಸವೆಸಬೇಕು ಕಣಯ್ಯ, ನೀವು ಹಾಕೋ ಬಿಸ್ಕತ್ತಿನಿಂದ ಏನೂ ಆಗಲ್ಲ." ಬಿಸ್ಕತ್ತು ಹಾಕುವವರು ಯಾರೆಂದು ನಾನು ಕೇಳಲು ಹೋಗಲಿಲ್ಲ. ಟಾರ್ಚು ಹಿಡಿಯುವುದು ನನ್ನ ಕೆಲಸ.

ಇಷ್ಟಾದರೆ ಸಹಿಸಬಹುದಿತ್ತು. ಹಿಕ್ಕೆಯದೇ ದೊಡ್ಡ ತಕರಾರು.

ಒಂದು ಭಾನುವಾರ ಸಕಲೇಶಪುರದ ಕಡೆಯ ನೆಂಟರು ಬಂದಿದ್ದರು. ಕಡುಬು, ಕೋಳಿ ಸಾರು ಬಡಿಸಿ ಆಗಿತ್ತು. ಭಾವ ಪೇಪರಿನ ತುಂಡೊಂದನ್ನು ಹಿಡಿದು ಒಳಗೆ ಬಂದರು. ಅದರ ಮೇಲೆ ಬೆಳಗಿನ ಲೆಕ್ಕ. "ನೋಡಿ, ಇದು ಸರಿಯಾದ್ದು. ಉರುಟಾಗಿ, ಒಣಗಿ, ಎಲ್ಲ ಒಂದೇ ಅಳತೆಗೆ." ಎರಡು ಬೆರಳಲ್ಲಿ ಒಂದನ್ನು ಹಿಸುಕಿದರು. ಹುಲ್ಲಿನ ಪುಡಿ ಉದುರಿತು. "ಇದು ಸಣ್ಣದಾದರೆ, ಕೂದಲಲ್ಲಿ ಪೋಣಿಸಿದ ಹಾಗೆ ಬಂದರೆ, ಹುಷಾರಾಗಬೇಕು." ನನ್ನ ಹೆಂಡತಿ ಸೌಟು ಕೆಳಗಿಟ್ಟಳು. ನೆಂಟರು ಎದ್ದು ಹೋಗುತ್ತಾರೆಂದು ನಾನು ಕಾದೆ. ಆದರೆ ಅವರ ಯಜಮಾನರು ಜೀವಮಾನವೆಲ್ಲ ಮೆಣಸು ಬೆಳೆದವರು. ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ಕೇಳಿದರು: "ಜೊಳ್ಳು ಎಷ್ಟಿದೆ? ನೀರಲ್ಲಿ ತೇಲುತ್ತಾ?"

ಇಂಥ ಪ್ರಶ್ನೆಯನ್ನು ಭಾವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಪರೀಕ್ಷೆ ಆಗಿಯೇ ಹೋಯಿತು, ನಾನು ನೀರು ಕುಡಿಯುವ ಲೋಟದಲ್ಲಿ.

ನಸುಕಿಗೆ ಇನ್ನೊಂದು ಕರೆ. ಗುಂಡ ಬಗ್ಗಿ ತನ್ನ ಹಿಂಬದಿಯಿಂದಲೇ ಏನನ್ನೋ ತಿನ್ನುತ್ತಿರುತ್ತಾನೆ. ಅದು ಮೆತ್ತನೆಯ ಬೇರೆ ಹಿಕ್ಕೆ, ಹೊಳೆಯುವ ಗೊಂಚಲು. ಅದರಲ್ಲಿ ವಿಟಮಿನ್ ಇದೆಯಂತೆ, ತಿನ್ನದಿದ್ದರೇ ಚಿಂತೆ. "ಬಾ, ಬೇಗ ನೋಡು!" ಎಂದು ಆ ಹೊತ್ತಿನಲ್ಲಿ ಬಾಗಿಲು ಬಡಿಯುವವರನ್ನು ಏನನ್ನಬೇಕು? ಮಳೆಗಾಲದಲ್ಲಂತೂ ಬಾಲದ ಕೆಳಗೂ ಟಾರ್ಚು. ಒದ್ದೆ ರೋಮದಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗುತ್ತದೆ. ಅದನ್ನು ಕೇಳಿದ ಮೇಲೆ, ಭಾವ ಬರದ ದಿನ ನಾನೇ ನೋಡುತ್ತೇನೆ. ಅವರಿಗೆ ಹೇಳಿಲ್ಲ.

"ನೋವಿದ್ದರೆ ಮೊಲ ತೋರಿಸಿಕೊಳ್ಳಲ್ಲ. ತೋರಿಸಿದರೆ ನರಿ ಬಾಯಿಗೇ ಅಲ್ವಾ" ಎಂದರು ಒಮ್ಮೆ, ಅದರ ಹೊಟ್ಟೆ ಮೆಲ್ಲಗೆ ಒತ್ತುತ್ತ. "ನಾವೇ ನೋಡಬೇಕು. ನಿಮ್ಮಕ್ಕನೂ ಹಾಗೇ, ಏನಿಲ್ಲ ಏನಿಲ್ಲ ಅಂತಿದ್ಲು." ಅಕ್ಕ ತೀರಿಕೊಂಡಾಗಿನಿಂದ ಭಾವ ಒಬ್ಬರೇ. ಅವರ ಬಿಪಿ ಮಾತ್ರೆ ಮುಗಿದರೆ ನಮಗೆ ತಿಳಿಯುವುದು ತಿಂಗಳಾದ ಮೇಲೆ. ಗುಂಡನ ಲೆಕ್ಕ ಒಂದು ದಿನವೂ ತಪ್ಪಿಲ್ಲ.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಗುಂಡ ಹುಲ್ಲು ಮೂಸಲಿಲ್ಲ. ಪೇಪರಿನ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. ಓಂಕಾಳು ಕಷಾಯ ಕೊಡೋಣವೇ ಎಂದೆ. ಭಾವ ನೋಡಿದ ನೋಟಕ್ಕೆ ಓಂಕಾಳು ಡಬ್ಬಿಗೇ ಹೋಯಿತು. "ಹನ್ನೆರಡು ಗಂಟೆ ತಿನ್ನದಿದ್ದರೆ ಮನೆವೈದ್ಯ ಮುಗೀತು, ನಡಿ ಹಾಸನಕ್ಕೆ." ರಸ್ತೆಯಲ್ಲಿ ಕಾಡಾನೆ ಇದೆಯೆಂದು ಮೆಸೇಜು ಬಂದಿತ್ತು. ಅದಕ್ಕೂ ಅವರು ಕೇರ್ ಮಾಡಲಿಲ್ಲ. ಬಿದಿರು ಬುಟ್ಟಿ, ಮೇಲೊಂದು ಟವಲು, ಮೊದಲ ಬಸ್ಸು. ಪಶುವೈದ್ಯಕೀಯ ಕಾಲೇಜಿನಲ್ಲಿ ಎರಡು ಇಂಜೆಕ್ಷನ್ ಆಯಿತು. ಸಂಜೆ ಹೊತ್ತಿಗೆ ಗುಂಡ ಬುಟ್ಟಿಯ ಬಿದಿರನ್ನೇ ಕಡಿಯತೊಡಗಿದ.

ವಾಪಸು ಬರುವಾಗ ಬುಟ್ಟಿಗೂ ಅರ್ಧ ಟಿಕೆಟ್ ಎಂದ ಕಂಡಕ್ಟರ್. ಭಾವ ತಕರಾರೆತ್ತಲಿಲ್ಲ. ಟವಲು ಸರಿಸಿ ಒಮ್ಮೆ ಇಣುಕಿ ಕಂಡಕ್ಟರಿಗೆ ಸಂತೋಷದ ಸುದ್ದಿ ಹೇಳಿದರು, "ಮಾಡಿದಾನೆ, ನಾಲ್ಕು!" ಆಮೇಲೆ ನನ್ನ ಕಡೆ ತಿರುಗಿ, "ಎರಡೂವರೆ ಟಿಕೆಟ್ ತಗೊಳ್ಳಯ್ಯ" ಎಂದರು.