ಪಡುಗಡಲಿಗೆ ಒಂದು ಅರ್ಜಿ

ಇಂದ: ಬ್ಯಾಟರಿ ರಿಕ್ಷಾದ ಹಿಂದಿನ ಸೀಟು, ಮಂಗಳೂರು
ಇವರಿಗೆ: ಶ್ರೀಯುತ ಅರಬ್ಬಿ ಸಮುದ್ರ, ಪಶ್ಚಿಮ ದಿಕ್ಕು
ವಿಷಯ: ಸುರತ್ಕಲ್‌ನಿಂದ ಸೋಮೇಶ್ವರದವರೆಗಿನ ನಿಧಾನ ವಿಹಾರಕ್ಕೆ ತಮ್ಮ ಸಹಕಾರ ಕೋರಿ

ಮಾನ್ಯರೇ,

ಮೊದಲಿಗೆ ಧನ್ಯವಾದ. ನಮ್ಮದು ಕಡಲ ತಡಿಯ ನಗರ ಎಂದು ನಾವು ಎದೆಯುಬ್ಬಿಸಿ ಹೇಳುವುದು ತಮ್ಮನ್ನು ನಂಬಿಕೊಂಡೇ. ಹೋಟೆಲಿನವರು, ಬಿಲ್ಡರುಗಳು, ಮದುವೆ ಹಾಲಿನವರು ಎಲ್ಲರೂ ತಮ್ಮ ಫೋಟೊ ಹಾಕಿಯೇ ವ್ಯಾಪಾರ ಮಾಡುತ್ತಾರೆ. ಮೇಲಿನ ಮಹಡಿಯ ಬಾಲ್ಕನಿಯ ಮೂಲೆಯಲ್ಲಿ ನಿಂತು, ಕತ್ತು ಆದಷ್ಟು ಎಡಕ್ಕೆ ತಿರುಗಿಸಿದರೆ ತಾವು ಒಂದು ಗೆರೆಯಷ್ಟು ಕಾಣುತ್ತೀರಿ ಎಂಬ ಒಂದೇ ಕಾರಣಕ್ಕೆ ಫ್ಲ್ಯಾಟಿನ ರೇಟು ಏರುತ್ತದೆ. ಇಷ್ಟೆಲ್ಲ ಉಪಕಾರ ಮಾಡಿದವರ ಹತ್ತಿರ ಮತ್ತೊಂದು ಕೇಳುವುದು ಅತಿಯಾಯಿತು, ಒಪ್ಪಿದೆ. ಆದರೂ ಕೇಳುತ್ತೇನೆ. ದಯವಿಟ್ಟು ತಾವು ಸ್ವಲ್ಪ ರಸ್ತೆಯ ಹತ್ತಿರಕ್ಕೆ ಬರಬೇಕು.

ಸಂಗತಿ ಹೀಗಿದೆ. ಈಗ ನಿಧಾನಕ್ಕೆ ಎಲ್ಲಿಲ್ಲದ ಬೇಡಿಕೆ ಬಂದಿದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಅರ್ಧ ದಿನ ತೆವಳಿಕೊಂಡು ಬಂದ ಬೆಂಗಳೂರಿನ ನೆಂಟರು ಸಹ, ಇಳಿದ ಕೂಡಲೇ ‘ನಮಗೆ ಅವಸರವೇ ಇಲ್ಲ, ಆರಾಮಾಗಿ ಸುತ್ತಬೇಕು’ ಎನ್ನುತ್ತಾರೆ. ಹೊಗೆಯಿಲ್ಲದ, ಸದ್ದಿಲ್ಲದ, ಎರಡೂ ಬದಿ ತೆರೆದ ಬ್ಯಾಟರಿ ರಿಕ್ಷಾ, ಮುಖಕ್ಕೆ ಗಾಳಿ, ಪಕ್ಕದಲ್ಲಿ ಉದ್ದಕ್ಕೂ ತಾವು. ಅವರು ಮನಸ್ಸಿನಲ್ಲಿ ಬರೆದುಕೊಂಡು ಬಂದ ಚಿತ್ರ ಇದು. ವಾಹನದ ಮಟ್ಟಿಗೆ ನಾವು ಸಿದ್ಧರಿದ್ದೇವೆ. ಇ-ರಿಕ್ಷಾ ಗಂಟೆಗೆ 25 ಕಿಲೋಮೀಟರ್ ಮೀರಬಾರದು, ನಾಲ್ವರು ಪ್ರಯಾಣಿಕರು, 40 ಕಿಲೋ ಸಾಮಾನು ಎಂದು ಕೇಂದ್ರದ ನಿಯಮವೇ ಉಂಟು. ನಿಧಾನವನ್ನು ಕಾನೂನು ಮಾಡಿ ಕೊಟ್ಟ ಸರ್ಕಾರಕ್ಕೆ ನಾವು ಋಣಿಗಳು. (ನೆಂಟರು ವಾಪಸು ಹೊರಡುವಾಗ ಹಲಸಿನ ಹಪ್ಪಳ, ಕುಚ್ಚಲಕ್ಕಿ, ತೆಂಗಿನಕಾಯಿ ಸೇರಿ 40 ಕಿಲೋ ದಾಟುವುದು ಬೇರೆ ಮಾತು.) ಕೊರತೆ ಇರುವುದು ಚಿತ್ರದ ಕೊನೆಯ ಭಾಗದಲ್ಲಿ, ಅಂದರೆ ತಮ್ಮಲ್ಲಿ.

ಸುರತ್ಕಲ್‌ನ ದೀಪಸ್ತಂಭದ ಬುಡದಿಂದ ಹೊರಟೆವು. ಬಂಡೆ, ಅಲೆ, ಗಾಳಿ, ಎಲ್ಲ ಭೇಷಾಗಿತ್ತು. ‘ಇನ್ನು ಹೀಗೇ ತೀರದಲ್ಲೇ ಹೋಗೋಣ’ ಎಂದರು ನೆಂಟರು. ರಿಕ್ಷಾದವರು ಹಿಂತಿರುಗಿ ನೋಡಿದ ನೋಟದಲ್ಲಿ ಕನಿಕರವಿತ್ತು. ‘ತೀರದಲ್ಲೇ ಎಲ್ಲಿ ಹೋಗುದು ಸಾರ್? ಹೈವೇಗೆ ಬರ್ಬೇಕು. ಮತ್ತೆ ಪಣಂಬೂರಲ್ಲಿ ಒಳಗೆ ಹೋಗುದು, ಕಡಲು ನೋಡುದು, ಪುನಃ ಹೈವೇ.’ ನಮ್ಮ ಕರಾವಳಿ ವಿಹಾರದ ನಕ್ಷೆ ಬಾಚಣಿಗೆಯ ಹಾಗೆ: ರಾಷ್ಟ್ರೀಯ ಹೆದ್ದಾರಿ 66 ಅದರ ಬೆನ್ನು, ಬೀಚುಗಳಿಗೆ ಹೋಗುವ ದಾರಿಗಳು ಹಲ್ಲುಗಳು. ಹಲ್ಲಿನ ತುದಿಯಲ್ಲಿ ಐದು ನಿಮಿಷ ತಾವು, ಉಳಿದ ಹೊತ್ತೆಲ್ಲ ಗ್ಯಾಸ್ ಟ್ಯಾಂಕರು. ಗಂಟೆಗೆ 25 ಕಿಲೋಮೀಟರಿನಲ್ಲಿ ಸಾಗುವವನ ಬೆನ್ನಿಗೆ ಟ್ಯಾಂಕರಿನ ಹಾರ್ನ್ ಬಿದ್ದಾಗ ಸಿಗುವ ಆರಾಮವನ್ನು ಯಾವ ರೆಸಾರ್ಟಿನವರೂ ಕೊಡಲಾರರು.

ತಪ್ಪೆಲ್ಲ ತಮ್ಮದೇ ಎನ್ನುತ್ತಿಲ್ಲ. ನಡುವೆ ಬಂದರು ಉಂಟು. ತೀರವನ್ನು ಒಳಕ್ಕೆ ಅಗೆದು, ನೆಲದ ನಡುವೆ ನೀರು ತಂದು ಕಟ್ಟಿದ ಬಂದರು ಅದು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಅದಕ್ಕೆ ಜಾಗ ಬಿಟ್ಟುಕೊಟ್ಟ ಪಣಂಬೂರಿನ ಮನೆಗಳು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡೆ ಹತ್ತಿದವು. ನೋಡಿ, ಹಡಗುಗಳು ರಸ್ತೆಯ ಹತ್ತಿರಕ್ಕೆ ಬರಬೇಕೆಂದಾಗ ತಾವು ತಕರಾರಿಲ್ಲದೆ ಒಳಗೆ ಬಂದಿರಿ. ರಿಕ್ಷಾದಲ್ಲಿ ಬರುವವರು ಕೇಳಿದರೆ ಮಾತ್ರ ಆಗುವುದಿಲ್ಲವೇ? ಕುಂದಾಪುರದ ಕಡೆಯ ಮರವಂತೆಯಲ್ಲಂತೂ ಯಾರೂ ಅಗೆಯದೆಯೇ ಹೆದ್ದಾರಿಯ ಮಗ್ಗುಲಿಗೆ ಬಂದು ನಿಂತಿದ್ದೀರಿ. ಒಂದು ಕಡೆ ತಾವು, ಇನ್ನೊಂದು ಕಡೆ ಸೌಪರ್ಣಿಕೆ. ಬಸ್ಸಿನಲ್ಲಿ ನಿದ್ದೆ ಮಾಡುವವನಿಗೂ ಬಿಟ್ಟಿ ದರ್ಶನ. ಕುಂದಾಪುರದವರ ಮೇಲೆ ಇರುವ ಪ್ರೀತಿ ನಮ್ಮ ಮೇಲೆ ಯಾಕಿಲ್ಲ ಎಂಬುದೇ ಈ ಅರ್ಜಿಯ ಸಾರ.

ಪಣಂಬೂರಿನಲ್ಲಿ ಚರುಮುರಿ ತಿಂದು, ದೂರದಲ್ಲಿ ಸರದಿ ಕಾಯುತ್ತ ನಿಂತ ಹಡಗುಗಳನ್ನು ಎಣಿಸಿ, ತಣ್ಣೀರುಬಾವಿಗೆ ಬಂದೆವು. ಗಾಳಿಮರದ ನೆರಳು ಚೆನ್ನಾಗಿತ್ತು. ಅಲ್ಲಿಯ ತಮಾಷೆಯನ್ನು ತಮಗೆ ವಿವರವಾಗಿಯೇ ಹೇಳಬೇಕು. ಒಂದು ಮಗ್ಗುಲಿಗೆ ತಾವು, ಇನ್ನೊಂದು ಮಗ್ಗುಲಿಗೆ ಫಲ್ಗುಣಿ ನದಿ. ನದಿಯ ಆಚೆ ದಡದಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಸುಲ್ತಾನ್ ಬತ್ತೇರಿಯ ಕರಿಕಲ್ಲಿನ ಬುರುಜು. ನದಿಗೆ ಯುದ್ಧನೌಕೆ ನುಗ್ಗದ ಹಾಗೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ನೌಕೆಗಳ ಕಾಲ ಮುಗಿದರೂ ಅದು ಕೆಲಸ ಬಿಟ್ಟಿಲ್ಲ. ಈಗ ಬ್ಯಾಟರಿ ರಿಕ್ಷಾಗಳನ್ನು ತಡೆಯುತ್ತಿದೆ. ಮನುಷ್ಯರಾದರೆ ದೋಣಿ ಹತ್ತಿ ಹಾಡೊಂದು ಮುಗಿಯುವುದರೊಳಗೆ ಆಚೆ ತಲುಪಬಹುದು. ರಿಕ್ಷಾದಲ್ಲೇ ಹೋಗುತ್ತೇನೆ ಎಂದರೆ ಬಂದ ದಾರಿಯಲ್ಲೇ ಪಣಂಬೂರು, ಅಲ್ಲಿಂದ ಹೆದ್ದಾರಿ, ಕೂಳೂರು ಸೇತುವೆ, ಕೊಟ್ಟಾರ ಚೌಕಿ, ಉರ್ವ ಎಂದು ಊರೆಲ್ಲ ಬಳಸಿ, ಕೊನೆಗೆ ಬತ್ತೇರಿಯ ಮೆಟ್ಟಿಲಿನ ಮೇಲೆ ನಿಂತು, ಸ್ವಲ್ಪ ಹೊತ್ತಿಗೆ ಮೊದಲು ನಾವೇ ನಿಂತಿದ್ದ ಜಾಗವನ್ನು ನೆಂಟರಿಗೆ ತೋರಿಸಬೇಕು. ನಾವು ಹಾಗೆಯೇ ಮಾಡಿದೆವು. ‘ಅಲ್ಲಿ ಹೋಗಿ ಬಂದೆವಲ್ಲ?’ ಎಂದರು ನೆಂಟರು. ‘ಹೌದು, ಈಗ ಎದುರಿನಿಂದ ನೋಡುತ್ತಿದ್ದೇವೆ’ ಎಂದೆ. ಇಲ್ಲಿ ನದಿಗೆ ತೂಗುಸೇತುವೆ ಕಟ್ಟುವ ಮಾತು ವರ್ಷಗಟ್ಟಲೆ ಹಳೆಯದು. ನದಿಯಾಚೆಯ ಬೆಂಗ್ರೆಯವರು ಮಾತ್ರ ಇದ್ಯಾವುದನ್ನೂ ವಿಹಾರ ಎನ್ನುವುದಿಲ್ಲ. ಪೇಟೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗಲು ಅವರು ದಿನಾ ದೋಣಿ ಹತ್ತುವವರು.

ಬ್ಯಾಟರಿ ರಿಕ್ಷಾದ ಕತೆಯೂ ಸರಳವಿಲ್ಲ. ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಕ್ಕೆ ಪರ್ಮಿಟ್ ಬೇಡ ಎಂದು 2018ರಲ್ಲಿ ಕೇಂದ್ರ ಹೇಳಿತು. ಪರ್ಮಿಟ್ಟಿಗಾಗಿ ಕಾದು, ಸಾಲ ಮಾಡಿ, ಇಂತಿಷ್ಟೇ ಗಡಿಯೊಳಗೆ ಓಡಿಸುತ್ತಿದ್ದ ಪೆಟ್ರೋಲ್, ಗ್ಯಾಸ್ ರಿಕ್ಷಾದವರಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ? ಹಾಗಾಗಿ ಕೆಲವು ರಿಕ್ಷಾ ಪಾರ್ಕುಗಳಲ್ಲಿ ನಮ್ಮ ಸದ್ದಿಲ್ಲದ ವಾಹನ ನಿಂತರೆ ಸುತ್ತಲೂ ಸದ್ದಾಗುತ್ತದೆ. ಇನ್ನು ಬಾವುಟಗುಡ್ಡೆ. ಅಲ್ಲಿಯ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಮೋಸ್ಕೆನಿ ಬಿಡಿಸಿದ ಚಿತ್ರಗಳನ್ನು ನೋಡಲೇಬೇಕು ಎಂದರು ನೆಂಟರು. ಏರಿನಲ್ಲಿ ಬ್ಯಾಟರಿಯ ಅಂಕಿ ಇಳಿಯುವುದನ್ನೇ ನೋಡುತ್ತ ನಾವೆಲ್ಲ ಉಸಿರು ಬಿಗಿಹಿಡಿದು ಹಗುರಾಗಲು ಯತ್ನಿಸಿದೆವು. ಕುದ್ರೋಳಿಯ ಹಾದಿ ಸಮತಟ್ಟು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥನಿಗೆ ಬ್ಯಾಟರಿ ಪರವಾಗಿಯೂ ಒಂದು ನಮಸ್ಕಾರ ಹಾಕಿದೆವು.

ನಿಜವಾಗಿ ತಾವು ಸಿಕ್ಕಿದ್ದು ಮೀನುಗಾರಿಕೆಯ ದಕ್ಕೆಯಲ್ಲಿ, ಮರುದಿನ ಬೆಳಗ್ಗೆ. ಪ್ರವಾಸಿ ಪಟ್ಟಿಯಲ್ಲಿ ದಕ್ಕೆ ಇರಲಿಲ್ಲ. ಉಳ್ಳಾಲಕ್ಕೆ ಹೊರಟ ರಿಕ್ಷಾದವರು ಮನೆಗೆ ಮೀನು ಬೇಕೆಂದು ಆ ದಾರಿ ಹಿಡಿದರು. ಬುಟ್ಟಿಬುಟ್ಟಿ ಬಂಗುಡೆ, ಬೂತಾಯಿ, ಪುಡಿ ಮಂಜುಗಡ್ಡೆಯ ಮೇಲೆ ಉದ್ದಕ್ಕೆ ಮಲಗಿದ ಅಂಜಲ್. ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲದರಲ್ಲೂ ಒಟ್ಟಿಗೆ ಚೌಕಾಸಿ. ನಮ್ಮ ರಿಕ್ಷಾ ಸದ್ದಿಲ್ಲದೆ ಬಂದು ಬುಟ್ಟಿ ಹೊತ್ತ ಹೆಂಗಸೊಬ್ಬರ ಬೆನ್ನ ಹಿಂದೆ ನಿಂತಿತು. ಅವರು ತಿರುಗಿ ಬೆಚ್ಚಿ, ‘ಬರುದಾದ್ರೆ ಹಾರ್ನ್ ಆದ್ರೂ ಹಾಕಬಾರ್ದಾ ಮಾರಾಯ, ಕಳ್ಳನ ಹಾಗೆ ಬರುದಾ!’ ಎಂದು ಗದರಿದರು. ಬುಟ್ಟಿಯಿಂದ ಸೋರಿದ ಮೀನಿನ ನೀರು ನೆಂಟರ ಬಿಳಿ ಶೂಗಳ ಮೇಲೆ ಬಿತ್ತು. ಮೂಗಿಗೆ ಕರವಸ್ತ್ರ ಹಿಡಿದವರು ಮಧ್ಯಾಹ್ನ ಅಂಜಲ್ ತವಾ ಫ್ರೈಯನ್ನು ಎರಡೆರಡು ಸಲ ಹಾಕಿಸಿಕೊಂಡದ್ದನ್ನು ತಮ್ಮ ಗಮನಕ್ಕೆ ತರುತ್ತೇನೆ.

ನೇತ್ರಾವತಿ ಸೇತುವೆ ದಾಟಿ (ಮತ್ತೆ ಹೆದ್ದಾರಿ, ಮತ್ತೆ ಹಾರ್ನ್) ಉಳ್ಳಾಲ, ಸೋಮೇಶ್ವರದ ಕಡೆ ಹೋದಾಗ ಈ ಅರ್ಜಿಯ ಬಗ್ಗೆ ನನಗೇ ಅಳುಕು ಶುರುವಾಯಿತು. ತಾವು ಹತ್ತಿರ ಬರುವುದೇ ಇಲ್ಲ ಎನ್ನುವ ಹಾಗಿಲ್ಲ. ಮಳೆಗಾಲದಲ್ಲಿ ಬರುತ್ತೀರಿ, ಹೇಳದೆ ಕೇಳದೆ ಬರುತ್ತೀರಿ. ಆದರೆ ಬರುವ ವಿಳಾಸ ತಪ್ಪು. ತಮ್ಮ ಹೆಸರಿನಲ್ಲಿ ಹೆಚ್ಚು ದುಡ್ಡು ಕೊಟ್ಟ ಬಾಲ್ಕನಿಯವರ ಗೇಟಿಗೆ ಹೋಗದೆ, ಕಾಸೂ ಕೊಡದೆ ತಲೆಮಾರುಗಳಿಂದ ತಮ್ಮ ಜೊತೆಗೇ ಬದುಕಿದ ಮೊಗವೀರರ ಹಿತ್ತಿಲಿಗೆ, ಬ್ಯಾರಿಗಳ ಅಡುಗೆಮನೆಗೆ ನುಗ್ಗುತ್ತೀರಿ. ಉಚ್ಚಿಲ ಬಟ್ಟಪ್ಪಾಡಿಯಲ್ಲಿ ತೀರಕ್ಕೆ ಅಂಟಿಕೊಂಡೇ ಒಂದು ರಸ್ತೆ ಇತ್ತು. ನಮ್ಮ ವಿಹಾರಕ್ಕೆ ಹೇಳಿ ಮಾಡಿಸಿದ್ದು. ಅದನ್ನೂ ತಾವು ನುಂಗಿದಿರಿ. ತಮ್ಮನ್ನು ಸಮಾಧಾನ ಮಾಡಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಉಳ್ಳಾಲದ ಕಡಲೊಳಗೆ ರೀಫ್ ಕಟ್ಟಿದರು, ತಡೆಗೋಡೆ ಹಾಕಿದರು, ಲೋಡುಗಟ್ಟಲೆ ಕಲ್ಲು ಸುರಿದರು. ಒಂದು ಕಡೆ ಕಲ್ಲು ಬಿದ್ದರೆ ತಾವು ಪಕ್ಕದ ಮನೆಗೆ ಹೋಗುತ್ತೀರಿ ಎಂದು ಅಲ್ಲಿಯವರು ಹೇಳುತ್ತಾರೆ. ಅವರ ಹತ್ತಿರ ‘ಸೀ ವ್ಯೂ’ ಎಂದರೆ ಹೊಡೆತ ತಿನ್ನಬೇಕಾದೀತು.

ಆದ್ದರಿಂದ ಅರ್ಜಿಯನ್ನು ತಿದ್ದಿ ಸಲ್ಲಿಸುತ್ತಿದ್ದೇನೆ. ತಾವು ಹತ್ತಿರ ಬರುವುದು ಸರಿ, ಆದರೆ ಪರ್ಮಿಟ್ ಪಡೆದು, ನಿಗದಿತ ವಲಯದಲ್ಲಿ, ಗಂಟೆಗೆ 25 ಕಿಲೋಮೀಟರ್ ಮೀರದ ಹಾಗೆ ಬರಬೇಕು. ವಾಪಸು ಹೋಗುವಾಗ 40 ಕಿಲೋಗಿಂತ ಹೆಚ್ಚು ಮರಳು ಕೊಂಡೊಯ್ಯಬಾರದು. ಉತ್ತರವನ್ನು ಮೇ ಮುಗಿಯುವುದರೊಳಗೆ ಕಳಿಸಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಮ್ಮ ಕಡೆಯ ಟಪಾಲು ತರುವವರು ಯಾರೂ ಇರುವುದಿಲ್ಲ. ಖುದ್ದಾಗಿ ತಂದು ಕೊಡುವ ತೊಂದರೆ ತೆಗೆದುಕೊಳ್ಳಬೇಡಿ.

ತಮ್ಮ ವಿಧೇಯ,
ಹಿಂದಿನ ಸೀಟಿನವ

ಪ್ರತಿಗಳು:
ಫಲ್ಗುಣಿ ನದಿಗೆ, ರಿಕ್ಷಾ ದಾಟುವಷ್ಟು ಹೊತ್ತು ರಜೆ ಹಾಕಲು ಸಾಧ್ಯವೇ ಎಂದು ತಿಳಿಸಲು.
ಮರವಂತೆಗೆ, ಅನುಭವ ಹಂಚಿಕೊಳ್ಳಲು.
ನಮ್ಮ ಹಿಂದೆ ಬರುತ್ತಿರುವ ಟ್ಯಾಂಕರಿನ ಚಾಲಕರಿಗೆ, ತುರ್ತಾಗಿ ಓದಿಕೊಳ್ಳಲು.